ಯಾರೂ ಕೂರದ ಸೀಟು

ಬಾನೆಟ್ಟಿನೊಳಗೆ ಕೈ ಹಾಕಿದ ಸುಬ್ಬಣ್ಣ ಭಟ್ಟರ ಬೆರಳಿಗೆ ಅಲ್ಲಿ ಆಗಲೇ ಒಂದು ದಾರ ಸಿಕ್ಕಿತು. ಯಾವುದೋ ವೈರು ಇರಬೇಕು ಅಂದುಕೊಂಡು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ವೈರು ಅಲ್ಲ, ದಾರವೇ. ಬಲಗಡೆ ಕೀಲಿನ ಹಿಂದೆ, ಸಾಮಾನ್ಯಕ್ಕೆ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅರಿಶಿನ ಹಚ್ಚಿದ ಮೂರೆಳೆ ದಾರ. ಅರಿಶಿನ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಗಂಟು ಮಾತ್ರ ಬಿಗಿಯಾಗಿತ್ತು. ಆ ಗಂಟು ಯಾರದೆಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಜನಿವಾರಕ್ಕೆ ಹಾಕುವ ಬ್ರಹ್ಮಗಂಟನ್ನು ಕಾರಿಗೂ ಹಾಕುವ ಮನುಷ್ಯ ಸುತ್ತಿನ ಮೂರು ತಾಲೂಕಿನಲ್ಲಿ ಸ್ವತಃ ಭಟ್ಟರೊಬ್ಬರೇ.

ಕಟ್ಟಬೇಕೆಂದು ತಂದಿದ್ದ ಹೊಸ ದಾರ ಕೈಯಲ್ಲೇ ಉಳಿಯಿತು. ಮನೆ ಕಾರಿಗೆ ಇನ್ನೂ ಅವರು ದಾರವನ್ನೇ ಕಟ್ಟಿರಲಿಲ್ಲ. ಹಾಗಾದರೆ ಇದನ್ನು ಕಟ್ಟಿದ್ದು ಯಾವಾಗ, ಯಾರ ಕಾರಿಗೆ? ಒಳಗಿನಿಂದ ಅಂಬುಜಾಕ್ಷಿ ಆಯ್ತಾ ಎಂದು ಕೇಳಿದಳು. ಆಯ್ತು ಎಂದು ಹೇಳಿ ಬಾನೆಟ್ಟು ಮುಚ್ಚಿದರು. ಹೆಂಡತಿಗೆ ಅವರು ಸುಳ್ಳು ಹೇಳಿದ್ದು ಅದೇ ಮೊದಲಲ್ಲ, ಆದರೆ ಹೀಗೆ ಎದೆ ಹೊಡೆದುಕೊಂಡದ್ದು ಅದೇ ಮೊದಲು.

ಸುಬ್ಬಣ್ಣ ಭಟ್ಟರು ಆರು ವರ್ಷದಿಂದ ಕೊಪ್ಪದ ಕಾರ್ ಶೋರೂಮಿನಲ್ಲಿ ವಾಹನ ಪೂಜೆ ಮಾಡುವವರು. ಸಂಬಳದ ಕೆಲಸವೇನಲ್ಲ. ಡೆಲಿವರಿ ಇದ್ದ ದಿನ ಫೋನು ಬರುತ್ತದೆ, ತಮ್ಮೂರು ಮೆಣಸೆಯಿಂದ ಸ್ಕೂಟರಿನಲ್ಲಿ ಹೋಗುತ್ತಾರೆ. ದಕ್ಷಿಣೆ ಗಾಡಿಯವರು ಕೊಡುತ್ತಾರೆ, ಶೋರೂಮಿನವರು ಕಾಗದದ ಲೋಟದಲ್ಲಿ ಕಾಫಿ ಕೊಡುತ್ತಾರೆ. ಪೂಜೆಯ ಕೊನೆಗೆ ರಕ್ಷೆಯ ದಾರ ಕಟ್ಟುವುದು ಅವರ ಪದ್ಧತಿ. ಅದನ್ನು ಸ್ಟಿಯರಿಂಗಿಗೋ ಕನ್ನಡಿಗೋ ಕಟ್ಟಿದರೆ ಈಗಿನವರಿಗೆ ಸರಿಬರುವುದಿಲ್ಲ, ಮೂರನೇ ದಿನಕ್ಕೆ ಕತ್ತರಿಸಿ ಬಿಸಾಡುತ್ತಾರೆ. ಅದಕ್ಕೇ ಭಟ್ಟರು ಬಾನೆಟ್ಟಿನ ಕೀಲು ಹುಡುಕಿಕೊಂಡಿದ್ದರು. ಅಲ್ಲಿ ಕಟ್ಟಿದರೆ ತೊಳೆಯುವವರಿಗೂ ಕಾಣುವುದಿಲ್ಲ, ಮೆಕ್ಯಾನಿಕ್ಕಿಗೂ ಅಡ್ಡವಾಗುವುದಿಲ್ಲ. ತಮ್ಮ ಈ ಉಪಾಯದ ಬಗ್ಗೆ ಅವರಿಗೆ ಸ್ವಲ್ಪ ಹೆಮ್ಮೆಯೇ ಇತ್ತು ಅನ್ನಿ.

ಇನ್ನು ಅಂಬುಜಾಕ್ಷಿಯ ವಿಷಯ. ಅವಳು ಮದುವೆಯಾಗಿ ಬಂದ ಮೂವತ್ತೊಂದು ವರ್ಷದಲ್ಲಿ ಆ ಮನೆಗೆ ಅಂಗಡಿಯಿಂದ ನೇರವಾಗಿ ಬಂದದ್ದೆಂದರೆ ಉಪ್ಪು, ಸೋಪು, ಬೆಂಕಿಪೊಟ್ಟಣ. ಮಿಕ್ಕಿದ್ದೆಲ್ಲ ದಾನದ್ದು. ಪುರೋಹಿತರ ಮನೆಯೆಂದರೆ ಹಾಗೇ. ಶ್ರಾದ್ಧದಲ್ಲಿ ಕೊಟ್ಟ ಛತ್ರಿಗಳು ಮೂಲೆಯಲ್ಲಿ ಹನ್ನೊಂದಿದ್ದವು, ಕೈಕಾಲು ಮುರಿದವನ್ನು ಬಿಟ್ಟು. ಚೊಂಬುಗಳ ಮೇಲೆಲ್ಲ ಬೇರೆಯವರ ಮನೆಯ ಹಿರಿಯರ ಹೆಸರು. ರವಿಕೆ ಕಣಗಳು ನಾಲ್ಕು ಮನೆಯ ಅರಿಶಿನ ಕುಂಕುಮ ಸುತ್ತಿ ಇವರ ಪೆಟ್ಟಿಗೆಗೆ ಬಂದು ಬೀಳುತ್ತಿದ್ದವು. ಅವಳು ಮಲಗುವ ಮಂಚ ಬಸರೀಕಟ್ಟೆಯ ಕಡೆ ಯಾರೋ ತೀರಿಕೊಂಡಾಗ ಶಯ್ಯಾದಾನದಲ್ಲಿ ಬಂದದ್ದು. ಅದು ಮನೆಗೆ ಬಂದ ಹೊಸತರಲ್ಲಿ ಅವಳು ಆರು ತಿಂಗಳು ನೆಲದ ಮೇಲೆ ಮಲಗಿದ್ದಳು. ಆಮೇಲೆ ಸೊಂಟ ನೋವು ಶುರುವಾಗಿ ಮಂಚ ಹತ್ತಿದಳು. ಸ್ಕೂಟರು ಕೂಡ ಷಡಕ್ಷರಿ ಮೇಷ್ಟ್ರು ಎಂಟು ವರ್ಷ ಓಡಿಸಿ ಕೊಟ್ಟದ್ದು.

ಅವಳು ಇದನ್ನೆಲ್ಲ ಹೇಳಿಕೊಂಡು ಗೋಳಾಡಿದವಳಲ್ಲ. ಹೋದ ವರ್ಷ ತವರಿನ ಪಾಲು ಬಂದಾಗ ಮಾತ್ರ, ದೇವರ ಪಾತ್ರೆ ಬೆಳಗುತ್ತಾ, ಗಂಡನ ಮುಖ ನೋಡದೆ ಹೇಳಿದಳು: "ನನಗಿಂತ ಮುಂಚೆ ಯಾರೂ ಮುಟ್ಟದ್ದು ಒಂದು ನನಗೆ ಬೇಕು. ಒಂದೇ ಸಾಕು."

ಭಟ್ಟರಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಹೇಳಿದ್ದು ಕಾರಿನ ವಿಷಯವೆಂದು ತಿಳಿದ ಮೇಲೆ, ಊರಿನ ರಾಜೇಶನ ಹಳೆ ಕಾರು ಮಾರಾಟಕ್ಕಿದೆ, ಅರ್ಧ ಕ್ರಯಕ್ಕೆ ಸಿಗುತ್ತದೆ, ಒಳ್ಳೆಯ ಕಂಡೀಷನ್ನು ಎಂದೇನೋ ಹೇಳಹೊರಟರು. ಅವಳು ಪಾತ್ರೆ ಕೆಳಗಿಟ್ಟು ಅವರನ್ನೊಮ್ಮೆ ನೋಡಿದಳು. ಅಲ್ಲಿಗೆ ರಾಜೇಶನ ಕಾರಿನ ಕಥೆ ಮುಗಿಯಿತು.

ದೀಪಾವಳಿಯ ಪಾಡ್ಯದ ದಿನ ಶೋರೂಮಿಗೆ ಹೋಗಿ ಬುಕ್ ಮಾಡಿದರು. ಅಂಬುಜಾಕ್ಷಿ ಬಣ್ಣದ ಪುಸ್ತಕವನ್ನು ಮೂರು ಸಲ ತಿರುವಿ ನೀಲಿ ಆರಿಸಿದಳು. ಮಾರುವ ಹುಡುಗ ವಿಜಯ್ ನಾಲ್ಕೇ ವಾರ ಅಂದ. ಅಲ್ಲಿಂದ ಶುರುವಾಯಿತು ನೋಡಿ. ನಾಲ್ಕು ವಾರ ಎಂಟಾಯಿತು, ಎಂಟು ಹನ್ನೆರಡಾಯಿತು. ಫೋನು ಮಾಡಿದರೆ ಸಾರ್ ಮೀಟಿಂಗಿನಲ್ಲಿದ್ದಾರೆ. ಶಿವಮೊಗ್ಗದ ಹೆಡ್ಡಾಫೀಸಿಗೆ ಮಾಡಿದರೆ ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಂದು ಹೆಂಗಸಿನ ದನಿ, ಆಮೇಲೆ ಹಾಡು, ಆಮೇಲೆ ಕಟ್. ಇನ್ಶೂರೆನ್ಸು ಅವರ ಹತ್ತಿರವೇ ಮಾಡಿಸಬೇಕು, ಕೆಳಗೆ ಹಾಸುವ ಮ್ಯಾಟಿನಿಂದ ಹಿಡಿದು ಬಾಗಿಲಿನ ಪಟ್ಟಿಯವರೆಗೆ ಅವರದೇ ಪ್ಯಾಕು ತಗೊಳ್ಳಬೇಕು, ಬೇಡ ಎಂದರೆ ಗಾಡಿ ಇನ್ನೂ ತಡವಾಗುತ್ತದೆ. ಹೊರಗಿನವರಾದರೆ ಜಗಳವಾದರೂ ಆಡುತ್ತಿದ್ದರು. ಇವರಿಗೆ ಅದೂ ಇಲ್ಲ. ಬಾಯಿ ತೆರೆಯುವ ಮೊದಲೇ ಮ್ಯಾನೇಜರು ರಘುಪತಿ, ನೀವು ನಮ್ಮವರೇ ಅಲ್ವಾ ಭಟ್ರೇ ಎಂದು ಹೆಗಲ ಮೇಲೆ ಕೈ ಇಡುತ್ತಿದ್ದ. ಆ ಮೂರು ತಿಂಗಳಲ್ಲಿ ಭಟ್ಟರು ತಮಗಿಂತ ಆಮೇಲೆ ಬುಕ್ ಮಾಡಿದವರ ಒಂಬತ್ತು ಕಾರುಗಳಿಗೆ ಮಂಗಳಾರತಿ ಎತ್ತಿದರು.

ಜನವರಿಯಲ್ಲಿ ವಿಜಯ್ ತಾನಾಗಿಯೇ ಫೋನು ಮಾಡಿದ. ನೀಲಿಗೆ ಇನ್ನೂ ಮೂರು ತಿಂಗಳು ಕಾಯಬೇಕು, ಬಿಳಿಯದು ಒಂದು ಈಗಲೇ ಇದೆ, ನಿಮಗೋಸ್ಕರ ತೆಗೆದಿಟ್ಟಿದ್ದೇವೆ ಅಂದ. ಭಟ್ಟರು ಹೆಂಡತಿಯನ್ನು ಕೇಳಿದರು. "ಬಣ್ಣ ಯಾವುದಾದ್ರೂ ಆಗ್ಲಿ, ಹೊಸದಾದ್ರೆ ಸೈ" ಎಂದಳು. ರಥಸಪ್ತಮಿಯ ದಿನ ಮೀನ ಲಗ್ನದಲ್ಲಿ ಗಾಡಿ ಹೊರಡಬೇಕೆಂದು ಭಟ್ಟರೇ ಮುಹೂರ್ತ ಇಟ್ಟರು. ಬೇರೆಯವರಿಗೆಲ್ಲ ಇಟ್ಟುಕೊಟ್ಟವರು ತಮಗೆ ಇಟ್ಟುಕೊಳ್ಳದಿರುತ್ತಾರೆಯೇ?

ಆ ದಿನ ಒಂಬತ್ತಕ್ಕೆ ಬರಹೇಳಿದ್ದರು. ಹತ್ತು ಗಂಟೆಯಾದರೂ ಕಾರು ಹಿಂದುಗಡೆ ತೊಳೆಸಿಕೊಳ್ಳುತ್ತಲೇ ಇತ್ತು. ಹತ್ತೂವರೆಗೆ ಲಗ್ನ ಮುಗಿಯುತ್ತದೆ. ಭಟ್ಟರು ಗಡಿಯಾರ ನೋಡುತ್ತಾ ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿದರು. ಗಾಡಿಯನ್ನು ಸುತ್ತಿ ನೋಡಿದ್ದೇನೆ, ಎಲ್ಲ ಸರಿಯಾಗಿದೆ ಎಂಬ ಕಾಗದವೂ ಅದರಲ್ಲಿತ್ತು. ಸುತ್ತಿ ನೋಡುವುದೆಲ್ಲಿ ಬಂತು, ಕಾರು ಎದುರಿಗೆ ಬಂದದ್ದೇ ಹತ್ತೂ ಇಪ್ಪತ್ತಕ್ಕೆ. ಹತ್ತು ನಿಮಿಷದಲ್ಲಿ ಪೂಜೆ ಮುಗಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಹೊರಟುಬಿಟ್ಟರು. ದಾರ ಕಟ್ಟುವುದನ್ನು ಮನೆಯಲ್ಲಿ ಒಳ್ಳೆಯ ದಿನ ನೋಡಿ ಮಾಡಿದರಾಯಿತು ಎಂದು ಬಿಟ್ಟರು.

ಅದಾಗಿ ಹನ್ನೆರಡು ದಿನ. ಅಂಬುಜಾಕ್ಷಿ ಆ ಹನ್ನೆರಡು ದಿನವೂ ಮಧ್ಯಾಹ್ನ ಊಟವಾದ ಮೇಲೆ ಅಂಗಳಕ್ಕೆ ಹೋಗಿ, ಕಾಲು ಒರೆಸಿಕೊಂಡು, ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಎಲ್ಲಿಗೂ ಹೋಗುವುದಕ್ಕಲ್ಲ. ಸುಮ್ಮನೆ ಅರ್ಧ ಗಂಟೆ ಕೂತು ಬರುವುದು. ಹೊಸ ವಾಸನೆ ಇನ್ನೂ ಹೋಗಿಲ್ಲ ನೋಡಿ ಎನ್ನುತ್ತಿದ್ದಳು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ಭಟ್ಟರು ಕಂಡು ಎಷ್ಟೋ ವರ್ಷವಾಗಿತ್ತು. ಈಗ ದಾರ ನೋಡಿದ ಮೇಲೆ ಅವರಿಗೆ ಅದೇ ನೆನಪಾಯಿತು.

ಮರುದಿನ ಬೆಳಗ್ಗೆ ಶೋರೂಮಿನಿಂದ ಪೂಜೆಗೆ ಹೇಗೂ ಕರೆ ಬಂದಿತ್ತು. ಭಟ್ಟರು ಕಾರು ತೆಗೆಯಲಿಲ್ಲ, ಸ್ಕೂಟರಿನಲ್ಲೇ ಹೋದರು. ವಿಜಯನನ್ನು ಹಿಂದುಗಡೆ ಕಾರು ತೊಳೆಯುವ ಕಡೆಗೆ ಕರೆದುಕೊಂಡು ಹೋಗಿ ದಾರದ ವಿಷಯ ಹೇಳಿದರು. ಅವನು ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಅತ್ತಿತ್ತ ನೋಡಿದ. ಅವನೂ ತೀರ ಕೆಟ್ಟವನೇನಲ್ಲ, ತಿಂಗಳಿಗೆ ಇಷ್ಟು ಗಾಡಿ ಎಂದು ಮೇಲಿನವರು ಕುತ್ತಿಗೆಯ ಮೇಲೆ ಕೂತಿರುತ್ತಾರೆ.

"ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ ಭಟ್ರೇ. ಅದು ಬಸರೀಕಟ್ಟೆಯವರಿಗೆ ಕೊಟ್ಟಿದ್ದ ಗಾಡಿ. ಆಯುಧಪೂಜೆ ದಿನ ನೀವೇ ಪೂಜೆ ಮಾಡಿದ್ರಿ, ನೆನಪುಂಟಾ?"

ನೆನಪಿತ್ತು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು, ಅವನ ಹೆಂಡತಿ. ಆ ಹುಡುಗಿಯೇ ಸ್ಟಿಯರಿಂಗ್ ಹಿಡಿದು ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿದ್ದಳು, ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ಬ್ಯಾಂಕಿನ ಸಾಲ ಇನ್ನೂ ಮಂಜೂರಾಗಿಲ್ಲ, ವಾರ ಬಿಟ್ಟು ಗಾಡಿ ತಗೊಳ್ಳೋಣವೇ ಎಂದು ಆ ಗಂಡ ಹಿಂದೆಮುಂದೆ ನೋಡಿದ್ದ. ಇಂಥ ದಿನ ಬಿಟ್ಟರೆ ಮತ್ತೆ ಸಿಕ್ಕುವುದಿಲ್ಲ, ಕಾಗದ ಹಿಂದಿನಿಂದ ಬರುತ್ತದೆ ಎಂದು ಧೈರ್ಯ ಹೇಳಿದವರು ಬೇರೆ ಯಾರೂ ಅಲ್ಲ, ಸುಬ್ಬಣ್ಣ ಭಟ್ಟರೇ. ಶೋರೂಮಿನವರಿಗೂ ಆ ಮಾತು ಬೇಕಾಗಿತ್ತು. ರಿಜಿಸ್ಟ್ರೇಶನ್ನೂ ಇಲ್ಲದೆ ಗಾಡಿ ಹೋಯಿತು. ಹದಿನೆಂಟು ದಿನ ಅವರ ಮನೆಯಲ್ಲಿತ್ತು. ಬ್ಯಾಂಕು ಸಾಲ ಕೊಡಲಿಲ್ಲ. ವಿಜಯನೇ ಹೋಗಿ ಗಾಡಿ ವಾಪಸ್ ತಂದಿದ್ದ.

"ಸೀಟೆಲ್ಲ ತೊಳೆಸಿದ್ವಿ ಭಟ್ರೇ, ಹೊಸದರ ಹಾಗೇ ಉಂಟು" ಎಂದು ಸಮಾಧಾನ ಹೇಳಿದ.

ಹಾಗಾದರೆ ಒಳಗೆ ಬರುವ ಆ ವಾಸನೆ ಎಂಥದು ಎಂದು ಭಟ್ಟರು ಕೇಳಿದರು.

"ಅದು ಸ್ಪ್ರೇ. ಎಲ್ಲಾ ಗಾಡಿಗೂ ಹೊಡಿತೇವೆ."

ರಘುಪತಿಯ ಕೋಣೆಗೆ ಭಟ್ಟರು ಕೇಳದೇ ಒಳಹೊಕ್ಕರು. ಸಿಟ್ಟಿನಲ್ಲಿ ಅವರಿಗೆ ಮಾತು ತಡವರಿಸುತ್ತದೆ. ಮಂತ್ರ ಬಿಟ್ಟರೆ ಗಟ್ಟಿಯಾಗಿ ಮಾತಾಡಿ ಗೊತ್ತಿದ್ದವರಲ್ಲ. ರಘುಪತಿ ಪೂರ್ತಿ ಕೇಳಿಸಿಕೊಂಡ, ಕುರ್ಚಿ ಎಳೆದು ಕೂರಿಸಿದ, ಕಾಫಿಗೆ ಹೇಳಿದ. ವಿಜಯನ ಹೆಸರು ಎತ್ತದೆ ಭಟ್ಟರು ದಾರವೊಂದನ್ನೇ ಹಿಡಿದುಕೊಂಡು ವಾದಿಸಿದರು. ಅವನು ಇಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ. ರಿಜಿಸ್ಟ್ರೇಶನ್ ಆಗದ ಗಾಡಿ ಕಾನೂನಿನಲ್ಲಿ ಹೊಸ ಗಾಡಿಯೇ. ರಿಜಿಸ್ಟ್ರೇಶನ್ ಕಾರ್ಡ್ ತೆಗೆದು ನೋಡಿ, ಮೊದಲನೇ ಓನರ್ ಎಂದು ಬರೆದಿರುವುದು ನಿಮ್ಮ ಹೆಸರೇ. ಈಗ ಗಾಡಿ ವಾಪಸ್ ತಗೊಳ್ಳುವುದಕ್ಕೆ ಬರುವುದಿಲ್ಲ, ಬದಲಿಗೆ ಬೇರೆ ಕೊಡುವುದಕ್ಕೂ ಬರುವುದಿಲ್ಲ. ಬೇಕಿದ್ದರೆ ಎರಡು ಸರ್ವಿಸ್ ಫ್ರೀ ಮಾಡಿಕೊಡುತ್ತೇನೆ, ನಮ್ಮವರಲ್ವಾ. ಇದನ್ನೆಲ್ಲ ಅವನು ಯಾವುದೇ ಬೇಜಾರಿಲ್ಲದೆ ಹೇಳಿದ.

ಕಂಪ್ಲೇಂಟ್ ಕೊಡುತ್ತೇನೆ ಎಂದರು ಭಟ್ಟರು.

"ಕೊಡಿ ಭಟ್ರೇ, ನಿಮ್ಮ ಹಕ್ಕು ಅದು. ಆದ್ರೆ ಪುರಾವೆ ಕೇಳ್ತಾರಲ್ಲ, ಎಂತ ತೋರಿಸ್ತೀರಿ?"

"ದಾರ ಉಂಟಲ್ಲ."

"ದಾರ ಕಟ್ಟಿದ್ದು ಯಾರು? ನೀವು. ಗಾಡಿ ಯಾರದು? ನಿಮ್ಮದು. ಯಾವಾಗ ಕಟ್ಟಿದ್ರಿ ಅಂತ ಆ ದಾರ ಹೇಳ್ತದಾ?"

ಭಟ್ಟರು ದಾರವನ್ನು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳಬಾರದೆಂದು ಮುಚ್ಚಿ ಮುಚ್ಚಿ ಕಟ್ಟಿಕೊಂಡು ಬಂದಿದ್ದರಲ್ಲ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸಾಕ್ಷಿ ಹೇಳುವವರು ಯಾರು? ಬಸರೀಕಟ್ಟೆಯ ಆ ಗಂಡಹೆಂಡತಿಯನ್ನು ಕರೆಯಬಹುದಿತ್ತು. ಕಾರು ಬಂದು ಹೋಯಿತೆಂದು ಊರ ಮುಂದೆ ನಾಚಿಕೊಂಡು ಕೂತವರ ಮನೆ ಬಾಗಿಲಿಗೆ, ನಿಮಗೆ ಮುಹೂರ್ತ ಇಟ್ಟುಕೊಟ್ಟವನು ನಾನೇ ಎಂದು ಯಾವ ಮುಖ ಹೊತ್ತು ಹೋಗುವುದು?

ಅಷ್ಟರಲ್ಲಿ ವಿಜಯ್ ಬಾಗಿಲಲ್ಲಿ ಇಣುಕಿ, ಪಾರ್ಟಿ ಬಂದಿದ್ದಾರೆ, ಲಗ್ನ ಮೀರುತ್ತದೆ ಅಂದ. ರಘುಪತಿ ಎದ್ದು ನಿಂತು ಭಟ್ಟರ ಹೆಗಲ ಮೇಲೆ ಕೈ ಇಟ್ಟ. ಕೈ ಕೊಡವಿಕೊಂಡು ಸ್ಕೂಟರ್ ಹತ್ತಿ ಹೋಗಬಹುದಿತ್ತು. ಹೋಗಲಿಲ್ಲ. ಹೋಗಿದ್ದರೆ ಮಧ್ಯಾಹ್ನದೊಳಗೆ ಇನ್ನೊಬ್ಬ ಭಟ್ಟರು ಬರುತ್ತಿದ್ದರು, ಅದು ಅವರಿಗೂ ಗೊತ್ತು, ರಘುಪತಿಗೂ ಗೊತ್ತು. ಪಂಚೆ ಸರಿಮಾಡಿಕೊಂಡು ಹೊರಗೆ ಬಂದರು.

ಕೆಂಪು ಕಾರು. ಮೇಘನ ಎಂಬ ಟೀಚರು, ಅವಳ ತಾಯಿ. ಭಟ್ಟರು ಬಾನೆಟ್ಟು ತೆಗೆಸಿ ಮೊದಲು ಕೀಲಿನ ಹಿಂದೆ ಕೈಯಾಡಿಸಿದರು. ದಾರ ಇರಲಿಲ್ಲ. ಇಲ್ಲ ಎಂದ ಮಾತ್ರಕ್ಕೆ ಏನೂ ಗೊತ್ತಾಗುವುದಿಲ್ಲ, ತಾವು ಪೂಜೆ ಮಾಡಿದ್ದಲ್ಲ ಅಷ್ಟೇ. ಕಲಶ ಇಟ್ಟು ಸಂಕಲ್ಪಕ್ಕೆ ಕೂತರು. ಸಂವತ್ಸರ, ಮಾಸ, ತಿಥಿ ಎಲ್ಲ ಸರಾಗವಾಗಿ ಬಂತು. "ನೂತನ ವಾಹನ" ಎಂಬಲ್ಲಿ ಬಂದು ನಾಲಿಗೆ ನಿಂತಿತು. ತಾಯಿ ಮಗಳು ಕೈಮುಗಿದುಕೊಂಡು ಕಾಯುತ್ತಿದ್ದರು. ಭಟ್ಟರು ಆಚಮನದ ನೀರು ಕುಡಿದು ಮತ್ತೆ ಮೊದಲಿನಿಂದ ಶುರು ಮಾಡಿ, ನೂತನ ಎಂಬ ಶಬ್ದವನ್ನು ಸ್ಪಷ್ಟವಾಗಿ ಹೇಳಿ ಮುಗಿಸಿದರು.

ಹೊರಡುವಾಗ ಆ ತಾಯಿ ಹತ್ತಿರ ಬಂದು, ನೀವು ದಿನಾ ನೋಡುವವರು, ಇಲ್ಲಿ ಗಾಡಿ ಒಳ್ಳೇದು ಕೊಡ್ತಾರಲ್ವಾ ಎಂದು ಮೆಲ್ಲಗೆ ಕೇಳಿದರು.

"ಒಳ್ಳೇದಾಗ್ತದೆ" ಎಂದರು ಭಟ್ಟರು. ಆಶೀರ್ವಾದ ಎಂದುಕೊಂಡು ಆ ಹೆಂಗಸು ನಮಸ್ಕಾರ ಮಾಡಿದರು.

ಮನೆಗೆ ಬಂದಾಗ ಅಂಬುಜಾಕ್ಷಿ ಒಂದು ಹಳೆಯ ಪಂಚೆ ಹರಿದು ಕಾರಿನ ಗಾಜು ಒರೆಸುತ್ತಿದ್ದಳು. ಮರುದಿನ ನರಸಿಂಹರಾಜಪುರದಲ್ಲಿ ಅವಳ ತಂಗಿಯ ಮಗಳು ಭಾರ್ಗವಿಯ ಸೀಮಂತ. ಕಾರಿನಲ್ಲಿ ಬರುತ್ತೇವೆ ಎಂದು ತಂಗಿಗೆ ಎರಡೆರಡು ಸಲ ಫೋನು ಮಾಡಿ ಹೇಳಿದ್ದಳು. ಪಕ್ಕದ ಮನೆಯ ತುಂಗಮ್ಮ ಬಂದಿದ್ದರಂತೆ, ಸೆಕೆಂಡ್ ಹ್ಯಾಂಡಾ ಎಂದು ಕೇಳಿದರಂತೆ. "ಅಲ್ಲ, ನಾನು ಕೂರೂಕಿಂತ ಮುಂಚೆ ಯಾರೂ ಕೂತಿಲ್ಲ ಇದ್ರಲ್ಲಿ ಅಂದೆ. ಅವರ ಬಾಯಿ ಬಂದ್" ಎಂದು ನಕ್ಕಳು.

ಹೇಳದೇ ಇದ್ದುಬಿಡಬೇಕೆಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದರು ಭಟ್ಟರು. ಗೊತ್ತಾಗದಿದ್ದರೆ ಅವಳ ಪಾಲಿಗೆ ಅದು ಹೊಸದೇ ತಾನೆ? ಆದರೆ ಬೆಳಗ್ಗೆ ಒಮ್ಮೆ ನೂತನ ಎಂಬ ಆ ಸುಳ್ಳನ್ನು ದೇವರ ಎದುರಿಗೇ ಹೇಳಿಯಾಗಿತ್ತು. ಒಂದೇ ದಿನದಲ್ಲಿ ಎರಡನೇ ಸಲ ಹೇಳುವುದು ಅವರಿಂದಾಗಲಿಲ್ಲ. ಜಗಲಿಯ ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದರು. ದಾರ, ಬಸರೀಕಟ್ಟೆಯವರು, ಹದಿನೆಂಟು ದಿನ, ತಾವು ಇಟ್ಟ ಮುಹೂರ್ತ, ರಘುಪತಿಯ ಮಾತು. ಸ್ಪ್ರೇಯ ವಿಷಯವೊಂದನ್ನು ಬಿಡಬೇಕೆಂದಿದ್ದರು, ಅದೂ ಬಾಯಿಂದ ಬಂದುಹೋಯಿತು.

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. ಆ ಗಾಜು ಮುಗಿಸಿ, ಇನ್ನೊಂದು ಗಾಜನ್ನೂ ಮುಗಿಸಿದಳು.

"ಆ ಹುಡುಗಿ ಅತ್ತಳಂತಾ, ಗಾಡಿ ವಾಪಸ್ ತಗೊಂಡು ಹೋಗುವಾಗ?" ಎಂದು ಕೇಳಿದಳು.

ಗೊತ್ತಿಲ್ಲ ಎಂದರು ಭಟ್ಟರು. ಆಮೇಲೆ ತಡೆಯಲಾರದೆ, "ಕಾಗದದಲ್ಲಿ ನಾವೇ ಮೊದಲು ಮಾರಾಯ್ತಿ. ಬೇಡ ಅಂದ್ರೆ ಮಾರಿಬಿಡುವಾ" ಎಂದರು.

"ಮಾರಿದ ದುಡ್ಡಲ್ಲಿ ಹೊಸದು ಬರ್ತದಾ?"

ಬರುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ತವರಿನ ಪಾಲು ಎರಡನೇ ಸಲ ಬರುವುದಿಲ್ಲ. ಅವಳು ಬಟ್ಟೆ ಹಿಂಡಿ ತಂತಿಯ ಮೇಲೆ ಹಾಕಿ ಒಳಗೆ ಹೋದಳು. ಬೈದಿದ್ದರೆ ಭಟ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲೂ ಇಲ್ಲ, ಊಟಕ್ಕೆ ಕರೆಯುವಾಗ ದನಿಯಲ್ಲಿ ವ್ಯತ್ಯಾಸವೂ ಇರಲಿಲ್ಲ. ಊಟವಾದ ಮೇಲೆ ಅಂಗಳಕ್ಕೆ ಮಾತ್ರ ಹೋಗಲಿಲ್ಲ.

ಮರುದಿನ ಏಳೂವರೆಗೆ ಭಟ್ಟರು ಕಾರು ಹೊರಗೆ ತೆಗೆದು, ಎಡಗಡೆ ಬಾಗಿಲು ತೆರೆದಿಟ್ಟು ಕಾದರು. ಅಂಬುಜಾಕ್ಷಿ ಸೀಮಂತಕ್ಕೆಂದು ತೆಗೆದಿಟ್ಟ ಸೀರೆ ಉಟ್ಟು, ಉಡಿ ತುಂಬುವ ಸಾಮಾನಿನ ಚೀಲ ಹಿಡಿದು ಬಂದಳು. ತೆರೆದ ಬಾಗಿಲನ್ನು ಮೆಲ್ಲಗೆ ಹಾಕಿ, ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಗೇಟು ದಾಟಿ ರಸ್ತೆಗೆ ನಡೆದಳು. ಅವರು ಹಿಂದೆಯೇ ಓಡಿದರು.

"ಎಂತ ಇದು? ಜನ ನೋಡ್ತಾರೆ."

"ನೀವು ಕಾರಲ್ಲಿ ಬನ್ನಿ. ನಾನು ಬಸ್ಸಲ್ಲಿ ಬರ್ತೇನೆ."

"ಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡೀಬೇಕು ನೀನು. ಸೊಂಟ ನೋವು ಬೇರೆ. ಸುಮ್ಮನೆ ಹತ್ತು ಮಾರಾಯ್ತಿ."

ಅವಳು ರಸ್ತೆಯ ತಿರುವಿನ ಕಡೆಗೇ ನೋಡುತ್ತಾ ಹೇಳಿದಳು: "ಬಸ್ಸಿನ ಸೀಟಲ್ಲಿ ಯಾರೋ ಕೂತು ಎದ್ದು ಹೋಗಿದಾರೆ ಅಂತ ಗೊತ್ತಿದ್ದೇ ಹತ್ತೂದು. ಹೊಸದು ಅಂತ ಯಾರೂ ಹೇಳೂದಿಲ್ಲ."

ಬಸ್ಸು ಬಂತು. ಕಂಡಕ್ಟರು ಗುರುತಿನವನು, ಏನಮ್ಮ ಕಾರು ತಗೊಂಡ್ರಂತೆ ಎಂದು ಕೇಳಿದ. ಅವಳು ಏನು ಹೇಳಿದಳೋ ಭಟ್ಟರಿಗೆ ಕೇಳಿಸಲಿಲ್ಲ. ಯಾರೋ ಹೆಂಗಸು ಸರಿದು ಜಾಗ ಮಾಡಿಕೊಟ್ಟರು, ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಭಟ್ಟರು ಕಾರು ಹತ್ತಿ ಹಿಂದೆ ಹೊರಟರು. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತು ಜನ ಹತ್ತಿಸಿಕೊಳ್ಳುತ್ತಿತ್ತು. ಅದು ನಿಂತಾಗ ಇವರೂ ನಿಲ್ಲಿಸಿದರು. ಹಿಂದೆ ಬಂದ ಜೀಪುಗಳು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದವು. ಒಂದು ಕಡೆ ರಸ್ತೆ ಅಗಲವಾಗಿತ್ತು, ಕಂಡಕ್ಟರು ಹಿಂದಿನ ಬಾಗಿಲಿನಿಂದ ಕೈ ಹೊರಗೆ ಹಾಕಿ ಮುಂದೆ ಹೋಗಿ ಎಂದು ಬೀಸಿದ. ಭಟ್ಟರು ಹೋಗಲಿಲ್ಲ. ಅವನು ಮತ್ತೆ ಮತ್ತೆ ಕೈ ಬೀಸುತ್ತಲೇ ಇದ್ದ.